ಬಾಯಿ ಬಿಡದ ದೇಶಭಕ್ತ

ಭಾಲ್ಕಿಯ ಹಾವಗೆಪ್ಪ ಸಾವಕಾರರ ತಮ್ಮ ವೈಜಿನಾಥ ರಜಾಕಾರರ ಮುಂದೆ ಬಾಯಿ ಬಿಡಲಿಲ್ಲ. ಕಾಲಿಗೆ ಸರಪಳಿ ಹಾಕಿದರು, ಬೆನ್ನಿಗೆ ಬರೆ ಎಳೆದರು, ಆದರೂ ಅಣ್ಣ ಎಲ್ಲಿ ಅಡಗಿದ್ದಾನೆಂದು ಹೇಳಲಿಲ್ಲ. ಸರಕಾರದ ಕಡತದಲ್ಲಿ ಹೀಗೆ ಬರೆದಿದೆ. ಹುಟ್ಟಿ ಮೂವತ್ತೆರಡು ವರ್ಷವಾದರೂ ಅವನು ಯಾರ ಮುಂದೆಯೂ ಒಂದು ಮಾತು ಆಡಿರಲಿಲ್ಲ ಎನ್ನುವುದನ್ನು ಮಾತ್ರ ಬರೆದಿಲ್ಲ.

ನಾನು ಗ್ರೇಸ. ನರ್ಸ್ ಆಗಿ ದುಡಿದು ಈಗ ಬೀದರಿನ ಚಿದ್ರಿಯಲ್ಲಿ ಇದ್ದೇನೆ. ಆ ಕಡತದಲ್ಲಿ ನನ್ನ ಅವ್ವನ ಹೆಬ್ಬೆಟ್ಟಿನ ಗುರುತು ಇರಬೇಕಾಗಿತ್ತು. ಅದು ಯಾಕೆ ಇಲ್ಲ ಎಂದು ಹೇಳಬೇಕಾಗಿದೆ.

ಅವ್ವನ ಹೆಸರು ಸಲೋಮಿ. ನಮ್ಮಜ್ಜ ಮಿಶನ್ನಿನ ಪಾದ್ರಿಯ ಕೈಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಮನೆಗೆ ಬಂದ ಹೆಸರುಗಳಲ್ಲಿ ಅದೂ ಒಂದು. ದೇವರು ಬದಲಾದ, ಓಣಿ ಬದಲಾಗಲಿಲ್ಲ. ಹೊಲಗೇರಿಯಲ್ಲೇ ಉಳಿದೆವು. ಸಲೋಮಿ ಎನ್ನುವ ಹೆಸರು ಸಾವಕಾರರ ನಾಲಿಗೆಗೆ ಭಾರವಾಗಿ ‘ಸಾಲಿ’ ಎಂದು ಕರೆದರು. ನಮ್ಮ ಕಡೆ ಸಾಲಿ ಎಂದರೆ ಶಾಲೆ. ಶಾಲೆಯ ಮೆಟ್ಟಿಲು ತುಳಿಯದ ಹೆಂಗಸಿಗೆ ತಾವು ಇಟ್ಟ ಹೆಸರನ್ನು ನೆನೆದು ಅವರು ಆಗಾಗ ನಗುತ್ತಿದ್ದರು. ಉರ್ದು ಬಲ್ಲ ಅವರ ಗುಮಾಸ್ತ ಇನ್ನೂ ಹೆಚ್ಚು ನಗುತ್ತಿದ್ದ. ಆ ಭಾಷೆಯಲ್ಲಿ ಅದು ಬೈಗುಳ.

ಅವ್ವನ ಕೆಲಸ ಸಾವಕಾರರ ದನದ ಕೊಟ್ಟಿಗೆಯಲ್ಲಿ. ಸಗಣಿ ಬಾಚುವುದು, ಗಂಜಲ ಬಳಿಯುವುದು, ಮೇವು ಹಾಕುವುದು. ಕೊಟ್ಟಿಗೆಯ ಕೊನೆಯ ಕಂಬಕ್ಕೆ ವೈಜಿನಾಥನನ್ನು ಕಟ್ಟಿದ್ದರು. ಎತ್ತುಗಳಿಗೆ ಹಗ್ಗ, ಅವನಿಗೆ ಕಬ್ಬಿಣದ ಸರಪಳಿ. ಮನೆಯವರು ಅವನನ್ನು ‘ಅದು’ ಎನ್ನುತ್ತಿದ್ದರು. ಅದಕ್ಕೆ ಉಣ್ಣಿಸು, ಅದಕ್ಕೆ ನೀರು ಹಾಕು, ಅದು ಹೇತಿದೆ ತೊಳಿ. ಎತ್ತುಗಳಿಗಾದರೂ ಹೆಸರಿದ್ದವು.

ಅವ್ವ ಸಾವಕಾರರ ಹೊಸ್ತಿಲು ದಾಟಿದರೆ ಮನೆ ಮೈಲಿಗೆಯಾಗುತ್ತಿತ್ತು. ಸಾವಕಾರರ ಒಡಹುಟ್ಟಿದ ತಮ್ಮ ಮಾತ್ರ ಅವಳ ಕೈಯಿಂದ ಊಟ ಮಾಡಬಹುದಾಗಿತ್ತು. ಇದಕ್ಕೆ ಸಾವಕಾರರ ಬಳಿ ಶಾಸ್ತ್ರವಿತ್ತು. ಕೊರಳಿಗೆ ದಾರ ಬಿದ್ದರೆ ವೈಜಿನಾಥ ಕಿತ್ತು ಎಸೆಯುತ್ತಿದ್ದ. ಹಾಗಾಗಿ ಅವನಿಗೆ ಲಿಂಗ ಕಟ್ಟುವುದನ್ನು ಬಿಟ್ಟಿದ್ದರು. ಲಿಂಗವಿಲ್ಲದ ಮೈಗೆ ಮೈಲಿಗೆ ಎಲ್ಲಿಯದು? ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ದಯವೇ ಧರ್ಮ ಎಂದು ಗಟ್ಟಿಯಾಗಿ ಓದುತ್ತಿದ್ದ ಮನುಷ್ಯನಿಗೆ ಕೊಟ್ಟಿಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ಆ ದೂರ ಸಾಕಾಗಿತ್ತು.

ವೈಜಿನಾಥ ಕಚ್ಚುತ್ತಿದ್ದ. ಹೊಡೆಯುತ್ತಿದ್ದ. ಕಂಬಕ್ಕೆ ಹಣೆ ಬಡಿದುಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ಬಟ್ಟೆ ಹರಿದು ಬೆತ್ತಲೆ ಕೂರುತ್ತಿದ್ದ. ಇಂಥವರಿಗೆ ವೈದ್ಯರ ಪುಸ್ತಕದಲ್ಲಿ ಒಂದು ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಅವ್ವನಿಗೆ ಆ ಹೆಸರು ಗೊತ್ತಾಗಲೇ ಇಲ್ಲ. ಯಾಕೆ ಕಚ್ಚುತ್ತಾನೆ ಎನ್ನುವುದು ಗೊತ್ತಿತ್ತು. ಹಿಂದಿನಿಂದ ಬಂದು ಮುಟ್ಟಿದರೆ ಹೊಡೆಯುತ್ತಾನೆ. ಕಂಬಳಿ ಚುಚ್ಚಿದರೆ ಹರಿಯುತ್ತಾನೆ, ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರ ಹೊದಿಸಿದರೆ ಸುಮ್ಮನಿರುತ್ತಾನೆ. ಮುರಿದ ರೊಟ್ಟಿ ಕೊಟ್ಟರೆ ತಾಟು ಎಸೆದು ತಲೆ ಬಡಿದುಕೊಳ್ಳುತ್ತಾನೆ, ಇಡೀ ರೊಟ್ಟಿ ಕೊಟ್ಟರೆ ತಾನೇ ಮುರಿದು ತಿನ್ನುತ್ತಾನೆ. ಹತ್ತಿ ಗಿರಣಿಯ ಸೀಟಿ ಕೂಗುವ ಮೊದಲು ತಲೆಗೆ ಬಟ್ಟೆ ಸುತ್ತಬೇಕು. ಇದನ್ನೆಲ್ಲ ಅವ್ವ ಯಾರನ್ನೂ ಕೇಳಿ ಕಲಿಯಲಿಲ್ಲ. ಒಂದೊಂದು ಪಾಠಕ್ಕೂ ಅವಳ ಮುಂಗೈ ಮೇಲೆ ಒಂದೊಂದು ಹಲ್ಲಿನ ಗುರುತಿತ್ತು. ಸಾವಕಾರರು ಇಟ್ಟ ಹೆಸರು ಅಷ್ಟರ ಮಟ್ಟಿಗೆ ಸರಿಯಾಗಿತ್ತು.

ಒಮ್ಮೆ ಧೈರ್ಯ ಮಾಡಿ ಹೇಳಿದಳು. “ಸಾವಕಾರ್ರ, ಅವ್ರು ಸಪ್ಪಳಕ್ಕ ಅಂಜ್ತಾರ್ರಿ. ಅದಕ್ಕ ತಲಿ ಬಡಕೋತಾರ.”

“ನಿನಗ ಭಾಳ ತಿಳೀತದ. ಸಗಣಿ ತೆಗಿ.”

ಎರಡು ವರ್ಷದ ನಂತರ ವೈಜಿನಾಥ ನಾಲ್ಕು ದಿನ ಬಿಡದೆ ಒದರಿದ. ಎಡಗೆನ್ನೆಗೆ ತಾನೇ ಗುದ್ದಿಕೊಂಡ. ಸಾವಕಾರರ ಹೆಂಡತಿ ಗುರಮ್ಮನ ತವರು ಔರಾದ. ಅಲ್ಲಿಂದ ಬರೆ ಹಾಕುವವನೊಬ್ಬನನ್ನು ಕರೆಸಿದರು. ಕಬ್ಬಿಣ ಕಾಯಿಸಿದ. ಕೈ ಹಿಡಿಯಲು ಮನೆಯವರು ಯಾರೂ ಮುಂದೆ ಬರಲಿಲ್ಲ.

“ಸಾಲಿ, ನೀ ಹಿಡಿ. ನಿನಗ ರೂಢಿ ಅದ,” ಎಂದರು ಸಾವಕಾರರು.

ಅವ್ವ ಹಿಡಿದಳು. ಬೆನ್ನಿನ ಮೇಲೆ ಮೂರು ಬರೆ ಎಳೆದ. ಚರ್ಮ ಸುಟ್ಟ ವಾಸನೆಗೆ ಎತ್ತುಗಳು ಹಗ್ಗ ಜಗ್ಗಿದವು. ಮರುದಿನ ಅವ್ವ ಅವನ ಬಾಯಲ್ಲಿ ಬೆರಳು ಹಾಕಿ ನೋಡಿದಳು. ದವಡೆ ಹಲ್ಲು ಕೊಳೆತು ಕೀವು ತುಂಬಿತ್ತು. ಬೆರಳು ತಾಗಿದ್ದೇ ಒಡೆಯಿತು. ಅವನು ಅವಳ ಬೆರಳನ್ನು ಕಚ್ಚಿದ, ಆಮೇಲೆ ನಿದ್ದೆ ಹೋದ. ಬರೆಯಿಂದ ಗುಣವಾಯಿತು ಎಂದು ಸಾವಕಾರರು ಔರಾದದವನಿಗೆ ಶಾಲು ಹೊದಿಸಿದರು.

ಸಾವಿರದ ಒಂಬೈನೂರ ನಲವತ್ತೆಂಟರ ಮಳೆಗಾಲಕ್ಕೆ ಮುಂಚೆ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ ಹೆಚ್ಚಾಯಿತು. ಅವರು ಊರೂರು ಸುಟ್ಟರು, ಕೊಂದರು, ಅದು ಸುಳ್ಳಲ್ಲ. ಅಲ್ಲಿಯವರೆಗೆ ಸಂಸ್ಥಾನದ ಅಧಿಕಾರಿಗಳ ಹಾಗೆ ರೂಮಿ ಟೋಪಿ ಹಾಕಿಕೊಂಡು ತಹಸೀಲ್ದಾರರಿಗೆ ಸಲಾಮು ಹೊಡೆಯುತ್ತ, ರಜಾಕಾರರ ಠಾಣೆಗೆ ಜೋಳ ಕಳಿಸುತ್ತಿದ್ದ ಸಾವಕಾರರಿಗೂ ಹೆದರಿಕೆ ಹತ್ತಿತು. ಮೂರು ಬಂಡಿ ಹೂಡಿದರು. ಮೆಹಕರದ ದಾರಿ ಹಿಡಿದು ಸೊಲ್ಲಾಪುರ ಸೇರುವ ಯೋಚನೆ. ಬಂಡಿಯಲ್ಲಿ ತಿಜೋರಿ ಬಂತು, ಬೀಸುವ ಕಲ್ಲು ಬಂತು, ಸಾಕಿದ ಗಿಳಿ ಪಂಜರದ ಸಮೇತ ಬಂತು.

“ಸಣ್ಣ ಸಾವಕಾರ್ರನ್ನ ಹ್ಯಾಂಗ ಕರ್ಕೊಂಡು ಹೋಗ್ತೀರಿ?” ಎಂದು ಅವ್ವ ಕೇಳಿದಳು.

“ಅದನ್ನ ಒಯ್ಯಾಕ ಆಗಂಗಿಲ್ಲ. ದಾರ್ಯಾಗ ಒದರ್ತದ. ನೀ ನೋಡ್ಕೋ.”

“ಕೀಲಿ ಕೊಡ್ರಿ ಹಂಗಾರ.”

“ಕೀಲಿ ಯಾಕ? ಬಿಟ್ಟಿ ಅಂದ್ರ ಯಾರನರ ಕಚ್ಚಿ ಕೊಲ್ತದ.”

“ಕೊಟಗಿಗಿ ಬೆಂಕಿ ಹಚ್ಚಿದ್ರ ಏನ್ ಮಾಡ್ಲಿರಿ?”

ಸಾವಕಾರರು ಬಂಡಿ ಹತ್ತಿದರು. ಗುರಮ್ಮ ಸೆರಗು ಮುಖಕ್ಕೆ ಎಳೆದುಕೊಂಡಳು. ಬಂಡಿಗಳು ಹೊರಟವು.

ಅವ್ವ ಎರಡು ದಿನ ಕಾದಳು. ಮೂರನೆಯ ದಿನ ನಾಲಬಂದ ಖಾಸಿಂ ಅಲಿಯ ಅಂಗಡಿಗೆ ಹೋದಳು. ಅವನು ಎತ್ತು, ಕುದುರೆಗಳ ಕಾಲಿಗೆ ನಾಲು ಬಡಿಯುವವನು. ಸಾವಕಾರರ ಎತ್ತುಗಳಿಗೂ ಅವನೇ ಬಡಿದಿದ್ದ. ಉಳಿ, ಸುತ್ತಿಗೆ ಹಿಡಿದು ಬಂದ. ಮೊದಲ ಪೆಟ್ಟಿಗೇ ವೈಜಿನಾಥ ಕಿರುಚಿ ಹಣೆ ಬಡಿದುಕೊಂಡ.

“ಬಡೀಬ್ಯಾಡ ಖಾಸಿಂ ಅಣ್ಣ. ಸಪ್ಪಳ ತಡಕೊಳ್ಳಂಗಿಲ್ಲ.”

“ಬಡೀಲಾರ್ದ ಹ್ಯಾಂಗ ಕಡೀಲಿ ಅಕ್ಕಾ?”

ಉಳಿ ಕೆಳಗಿಟ್ಟ. ಆಮೇಲೆ ಅಂಗಡಿಗೆ ಹೋಗಿ ಅರ ತಂದ. ಕೂತು ಉಜ್ಜಿದ. ಆ ಸದ್ದನ್ನೂ ವೈಜಿನಾಥ ಬಹಳ ಹೊತ್ತು ತಡೆಯಲಿಲ್ಲ. ಹತ್ತು ಸಲ ಉಜ್ಜಿ ನಿಲ್ಲಿಸಬೇಕು, ಅವನು ತೂಗಾಡುವುದನ್ನು ನಿಲ್ಲಿಸುವವರೆಗೆ ಕಾಯಬೇಕು, ಮತ್ತೆ ಹತ್ತು. ಎರಡು ದಿನ ಹಿಡಿಯಿತು. ಖಾಸಿಂ ಅಲಿಯ ಅಂಗೈ ಬೊಬ್ಬೆ ಎದ್ದು ಒಡೆಯಿತು. ಸರಪಳಿ ಬಿದ್ದಾಗ ಅದರ ಕೆಳಗಿನ ಚರ್ಮ ಬೆಳ್ಳಗೆ, ಒದ್ದೆ ಕಾಗದದ ಹಾಗೆ ಇತ್ತು. ಒಳ್ಳೆಯ ಕಬ್ಬಿಣ, ನಾಲು ಮಾಡಲು ಬರುತ್ತದೆ ಎಂದು ಅವನು ಸರಪಳಿಯ ತುಂಡುಗಳನ್ನು ತೆಗೆದುಕೊಂಡು ಹೋದ. ಕೂಲಿ ಅಂತ ಬೇರೆ ಕೇಳಲಿಲ್ಲ.

ಅವ್ವ ವೈಜಿನಾಥನನ್ನು ಕೇರಿಗೆ ಕರೆತಂದಳು. ಕೇರಿಯವರು ದೇವತೆಗಳೇನಲ್ಲ. ಮೊದಲ ವಾರ ಅವನು ಪಕ್ಕದ ಮನೆಯ ಈರಮ್ಮನ ಎರಡು ಗಡಿಗೆ ಒಡೆದ, ಅವಳು ಮೂರು ದಿನ ಬೈದಳು. ಅವ್ವನ ಕಿವಿಗೆ ಗುದ್ದಿದ. ಆಮೇಲೆ ಅವನಿಗೆ ದಿನದ ಹದ ಸಿಕ್ಕಿತು. ಎದ್ದು ಬಾವಿಗೆ, ಬಾವಿಯಿಂದ ಬೇವಿನ ಮರಕ್ಕೆ, ಮರದಿಂದ ಮನೆಗೆ. ಬಾವಿಯ ಪಕ್ಕದ ನೀರಿನ ಡೋಣಿಯಲ್ಲಿ ಕೈ ಇಟ್ಟು ಕೂತರೆ ಗಂಟೆಗಟ್ಟಲೆ ಕೂರುತ್ತಿದ್ದ. ಗಂಟಲಲ್ಲಿ ಒಂದು ಗುಂಯ್‌ಗುಡುವ ಸದ್ದು. ಅದು ಸಂತೋಷದ್ದು ಎಂದು ಅವ್ವ ಹೇಳುತ್ತಿದ್ದಳು.

ರಜಾಕಾರರು ಒಂದು ಸಲ ಬಂದರು. ಸಾವಕಾರರ ಮನೆಯ ಬೀಗ ಒಡೆದು ಉಳಿದ ಕಾಳು ಹೊತ್ತುಕೊಂಡರು. ಬೇವಿನ ಮರದ ಕೆಳಗೆ ತೂಗಾಡುತ್ತಿದ್ದ ವೈಜಿನಾಥನನ್ನು ಅವರ ಮುಂದಾಳು ನೋಡಿದ, ನಕ್ಕ, ಹೋದ. ಬೆರಳು ಕೂಡ ತಾಗಿಸಲಿಲ್ಲ.

ಹೀಗೆ ಸಂಸ್ಥಾನವೆಲ್ಲ ಗುಲಾಮಗಿರಿಯಲ್ಲಿ ನರಳುತ್ತಿದ್ದ ಮೂರು ತಿಂಗಳು ವೈಜಿನಾಥ ಸ್ವತಂತ್ರನಾಗಿದ್ದ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು. ಮಿಲಿಟರಿ ಲಾರಿಗಳು ಬಂದವು, ಠಾಣೆಯ ಮೇಲೆ ಹೊಸ ಬಾವುಟ ಏರಿತು. ಸಂಸ್ಥಾನ ಸ್ವತಂತ್ರವಾಯಿತು. ಹತ್ತನೆಯ ದಿನ ಸಾವಕಾರರು ಬಂದರು. ರೂಮಿ ಟೋಪಿ ಸೊಲ್ಲಾಪುರದಲ್ಲೇ ಉಳಿದಿತ್ತು, ತಲೆಯ ಮೇಲೆ ಬಿಳಿ ಟೋಪಿ ಇತ್ತು. ಹನ್ನೊಂದನೆಯ ದಿನ ವೈಜಿನಾಥನ ಕಾಲಿಗೆ ಹೊಸ ಸರಪಳಿ ಬಿತ್ತು.

ಆ ದಿನಗಳಲ್ಲಿ ಮುಸಲ್ಮಾನರ ಮನೆಗಳು ಉರಿದವು. ರಜಾಕಾರನಾಗಿದ್ದವನ ಮನೆ, ಆಗದಿದ್ದವನ ಮನೆ ಎಂದು ಬೆಂಕಿ ನೋಡಲಿಲ್ಲ. ಖಾಸಿಂ ಅಲಿಯ ಅಂಗಡಿಯೂ ಸುಟ್ಟುಹೋಯಿತು. ಬೂದಿಯಲ್ಲಿ ಸರಪಳಿಯ ತುಂಡುಗಳು ಸಿಕ್ಕವು. ಅವನನ್ನು ಹಿಡಿದು ಬೀದರಿನ ಜೈಲಿಗೆ ಹಾಕಿದರು. ಇದೇ ಸರಪಳಿಯಿಂದ ತನ್ನ ತಮ್ಮನನ್ನು ಕಟ್ಟಿ ಬರೆ ಹಾಕಿದ ರಜಾಕಾರ ಇವನೇ ಎಂದು ಸಾವಕಾರರು ಅರ್ಜಿ ಬರೆಸಿದರು. ತಾನು ಗಡಿಯಲ್ಲಿ ಭೂಗತನಾಗಿ ದೇಶಸೇವೆ ಮಾಡುತ್ತಿದ್ದಾಗ ತನ್ನ ಸುಳಿವು ಕೇಳಿ ಹಿಂಸೆ ಕೊಟ್ಟರು, ತಮ್ಮ ಬಾಯಿ ಬಿಡಲಿಲ್ಲ, ಹಿಂಸೆ ತಾಳದೆ ಬುದ್ಧಿ ಕಳೆದುಕೊಂಡ ಎಂದೂ ಸೇರಿಸಿದರು. ತಾಲೂಕಿನಲ್ಲಿ ಹೊಸ ಕಮಿಟಿಗಳು ಆಗುತ್ತಿದ್ದವು. ಕುರ್ಚಿಗಳು ಕಡಿಮೆ, ದೇಶಭಕ್ತರು ಹೆಚ್ಚು. ಮನೆಯಲ್ಲಿ ಒಬ್ಬ ಸಂತ್ರಸ್ತ ಇದ್ದರೆ ಕುರ್ಚಿ ಹತ್ತಿರವಾಗುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಬೀದರಿನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಭಾಲ್ಕಿ, ಔರಾದ ಕಡೆಯ ಜನ ತುಂಬಿದ್ದರು. ನಾನು ಆಗ ಬೀದರಿನ ಮಿಶನ್ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿಯುತ್ತಿದ್ದೆ. ಅವ್ವನನ್ನು ಸಾಕ್ಷಿಗೆ ಕರೆತರುತ್ತಾರೆಂದು ಕೇಳಿ ಹೋದೆ.

ಭಾಲ್ಕಿಯಿಂದ ರೈಲಿನಲ್ಲಿ ಬಂದಿದ್ದರು. ಅವ್ವ ದಾರಿಯುದ್ದಕ್ಕೂ ವೈಜಿನಾಥನ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ ನಿಂತಿದ್ದಳು. ಅವನ ಮೈಮೇಲೆ ಗಂಜಿ ಹಾಕಿ ಗಡುಸಾದ ಖಾದಿ ಅಂಗಿ, ತಲೆಗೆ ಬಿಳಿ ಟೋಪಿ. ಕಚೇರಿಯ ಪಡಸಾಲೆಯಲ್ಲಿ ಯಾರೋ ಹಿರಿಯರು ಚೆಂಡುಹೂವಿನ ದಪ್ಪ ಹಾರ ಹಿಡಿದು ಬಂದರು.

“ಹಾರ ಹಾಕಬ್ಯಾಡ್ರಿ. ಕೊಳ್ಳಾಗ ಏನೂ ತಡಕೊಳ್ಳಂಗಿಲ್ಲ,” ಎಂದಳು ಅವ್ವ.

“ದೇಶಭಕ್ತರಿಗಿ ಹಾರ ಬ್ಯಾಡ ಅಂತಾಳ ನೋಡ್ರಿ,” ಎಂದರು ಸಾವಕಾರರು.

ಹಾಕಿದರು. ವೈಜಿನಾಥ ಹಾರ ಕಿತ್ತ, ಹಾಕಿದವರ ಕೈ ಕಚ್ಚಿದ, ಕಲ್ಲಿನ ಕಂಬಕ್ಕೆ ಹಣೆ ಬಡಿದ. ಇಬ್ಬರು ಪೊಲೀಸರು ಹಿಂದಿನಿಂದ ಹಿಡಿದರು. ಅವರಿಗೂ ಬಿತ್ತು. ಸಾವಕಾರರು ಕಣ್ಣೊರೆಸಿಕೊಂಡರು. “ನೋಡ್ರಿ ಸಾಹೇಬ್ರ, ಹಿಂಸೆ ಕೊಟ್ಟು ಹ್ಯಾಂಗ ಮಾಡಿಟ್ಟಾರ.” ಅಂಗಿ ಎತ್ತಿ ಬರೆ ತೋರಿಸಿದರು. ಗುಂಪಿನಲ್ಲಿ ಹೆಂಗಸರು ಅತ್ತರು.

ಅಧಿಕಾರಿ ಮದರಾಸಿನ ಕಡೆಯವರು. ಅವರಿಗೆ ಕನ್ನಡ ಬಾರದು, ಉರ್ದು ಬಾರದು. ನಡುವೆ ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಎದುರಿಗೆ ಖಾಸಿಂ ಅಲಿ ಕೈಗೆ ಹಗ್ಗ ಕಟ್ಟಿಸಿಕೊಂಡು ನಿಂತಿದ್ದ. ಜೈಲಿನ ಏಟಿಗೆ ಅವನ ಬಲಗೈ ಬಾತು ಹೋಗಿತ್ತು. ಬಾಗಿಲ ಹೊರಗೆ ಅವನ ಹೆಂಡತಿ ಬಿಸ್ಮಿಲ್ಲಾಬೀ ನೆಲದ ಮೇಲೆ ಕೂತಿದ್ದಳು.

“ಸಾಲಿ ಅಂದ್ರ ನೀನೇ ಏನು?” ಎಂದು ಪೇಶ್ಕಾರ ಕೇಳಿದ.

“ಸಲೋಮಿ ರಿ.”

“ಸರಪಳಿ ಹಾಕಿದವ ಇವನೇ ಹೌದಲ್ಲ?”

ಅವ್ವ ಸಾವಕಾರರ ಕಡೆ ನೋಡಲಿಲ್ಲ. “ಇವ ಹಾಕಿಲ್ರಿ. ಇವ ಕಡದಾನ. ಹಾಕಿದವ್ರು ನಮ್ಮ ಸಾವಕಾರ್ರು. ಹದಿನಾಲ್ಕು ವರ್ಷ ಆಯ್ತು.”

ಪೇಶ್ಕಾರ ಸಾವಕಾರರ ಕಡೆ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿದ, ಹೌದು ಸ್ವಾಮಿ, ಇವನೇ ಎನ್ನುತ್ತಾಳೆ.

ದವಾಖಾನೆಯ ಮಿಸ್ಸಿ ನನಗೆ ಇಂಗ್ಲಿಷ್ ಕಲಿಸಿದ್ದು ಜ್ವರ ಬರೆದಿಡಲು, ಔಷಧದ ಬಾಟಲಿ ಗುರುತಿಸಲು. ದೊಡ್ಡವರ ಕಚೇರಿಯಲ್ಲಿ ಮಾತಾಡಲು ಅಲ್ಲ. ಅವ್ವ ತಾನು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದಾರೆಂದು ನಂಬಿ ನಿಂತಿದ್ದಳು. ಅದನ್ನು ನೋಡಿ ಬಾಯಿ ತೆರೆದೆ. “ಆಕೆ ಹಾಗೆ ಹೇಳಲಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ನೀನು ಯಾರು ಎಂದು ಕೇಳಿದರು. ಮಗಳು ಎಂದೆ. ಹೇಳು ಎಂದರು. ಅವ್ವ ಹೇಳುತ್ತ ಹೋದಳು, ನಾನು ತಿರುಗಿಸುತ್ತ ಹೋದೆ.

“ಬೆನ್ನಿನ ಬರಿ ರಜಾಕಾರ್ರು ಹಾಕಿದ್ದಲ್ರಿ. ಹಲ್ಲು ನೋವಾಗಿತ್ತು. ಯಾರೂ ಬಾಯಿ ತೆಗೆದು ನೋಡ್ಲಿಲ್ಲ. ಸಾವಕಾರ್ರು ಬರಿ ಹಾಕ್ಸಿದ್ರು. ಕೈ ಹಿಡಿದಾಕಿ ನಾನೇ. ಅದನ್ನೂ ಬರೀರಿ.”

ಇದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಅವಳು ನನಗೂ ಅದನ್ನು ಹೇಳಿರಲಿಲ್ಲ.

“ಹೊಲಗೇರಿ ಕ್ರಿಶ್ಚನ್ರು ಸಾಹೇಬ್ರ,” ಎಂದು ಸಾವಕಾರರು ಎದ್ದು ನಿಂತರು. “ಮುಸಲ್ಮಾನ್ರ ಸಂಗಡ ಕೂಡ್ಯಾರ. ನಮ್ಮ ಉಪ್ಪು ತಿಂದು ಹಿಂಗ ಮಾತಾಡ್ತಾರ.”

“ಉಪ್ಪು ತಿಂದಿಲ್ರಿ. ಹೇಲು ಬಳದೀನಿ,” ಎಂದಳು ಅವ್ವ.

ಹೊರಗೆ ವೈಜಿನಾಥ ಇನ್ನೂ ಒದರುತ್ತಿದ್ದ. ಅವ್ವ ಯಾರ ಅಪ್ಪಣೆಯನ್ನೂ ಕೇಳದೆ ಪಡಸಾಲೆಗೆ ಹೋದಳು. ಪೊಲೀಸರಿಗೆ ಕೈ ಬಿಡಲು ಹೇಳಿದಳು. ಗುಂಪನ್ನು ದೂರ ಸರಿಸಿದಳು. ಅವನ ಗಡುಸು ಅಂಗಿ ತೆಗೆದು, ಮುಟ್ಟದೆ, ಎದುರಿಗೆ ಒಂದು ಮಾರು ದೂರದಲ್ಲಿ ಕೂತಳು. ತಕ್ಷಣ ಏನೂ ಆಗಲಿಲ್ಲ. ಅವನು ತನ್ನ ಮಣಿಕಟ್ಟು ಕಚ್ಚಿಕೊಂಡ, ಅತ್ತಿತ್ತ ತೂಗಾಡಿದ. ಕಾಲು ಗಂಟೆಯ ಮೇಲೆ ನೆಲಕ್ಕೆ ಕೂತ. ಅಷ್ಟೂ ಹೊತ್ತು ಅಧಿಕಾರಿ ಕಿಟಕಿಯಿಂದ ನೋಡುತ್ತಿದ್ದರು.

ಅವರು ಒಳಕೋಣೆಗೆ ಹೋದ ಮೇಲೆ ಪೇಶ್ಕಾರ ಮೊದಲೇ ಬರೆದಿಟ್ಟಿದ್ದ ಕಾಗದ ತಂದ. ಅವ್ವನ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದ.

“ಒತ್ತು.”

“ಓದಿ ಹೇಳ್ರಿ.”

“ನೀ ಹೇಳಿದ್ದೇ ಬರೆದೀನಿ.”

“ಹೇಳೂಕಿಂತ ಮೊದಲೇ ಹ್ಯಾಂಗ ಬರದ್ರಿ?”

ಅವನು ಮುಂಗೈ ಹಿಡಿದು ಎಳೆದ. ಅವ್ವ ಮುಷ್ಟಿ ಬಿಗಿ ಹಿಡಿದಳು. ಅವನು ಒಂದೊಂದೇ ಬೆರಳು ಬಿಡಿಸಲು ನೋಡಿದ. ಹದಿನಾಲ್ಕು ವರ್ಷ ಕಚ್ಚಿಸಿಕೊಂಡ ಕೈ ಅದು, ಪೇಶ್ಕಾರನ ಬೆರಳಿಗೆ ಬಗ್ಗಲಿಲ್ಲ. ಕೊನೆಗೆ ಕೈ ಕಿತ್ತುಕೊಂಡು ಶಾಯಿಯನ್ನು ತನ್ನ ಸೀರೆಗೆ ಒರೆಸಿಕೊಂಡಳು. ಕಡತದಲ್ಲಿ ಅವಳ ಗುರುತು ಇಲ್ಲದಿರುವುದು ಹೀಗೆ.

ಇದರಿಂದ ನ್ಯಾಯ ಗೆದ್ದಿತು ಎಂದು ತಿಳಿಯಬೇಡಿ. ಸಾವಕಾರರ ಹೇಳಿಕೆ ಕಡತದಲ್ಲಿ ಇದ್ದಂತೆಯೇ ಉಳಿಯಿತು. ಅವರಿಗೆ ಕಮಿಟಿಯಲ್ಲಿ ಕುರ್ಚಿ ಸಿಕ್ಕಿತು. ಖಾಸಿಂ ಅಲಿಯನ್ನು ಸಾಕ್ಷಿ ಸಾಲದೆಂದು ಎಂಟು ತಿಂಗಳ ನಂತರ ಬಿಟ್ಟರು. ಅವನ ಬಲಗೈಯ ಬೆರಳುಗಳು ಮತ್ತೆ ಮಡಚಲಿಲ್ಲ. ಸುತ್ತಿಗೆ ಹಿಡಿಯಲಾಗದ ನಾಲಬಂದ ಬಿಸ್ಮಿಲ್ಲಾಬೀಯ ಜೊತೆ ಬೀದರಿನ ಕಾಳಿನ ಪೇಟೆಯಾದ ಗಂಜಿನಲ್ಲಿ ಚೆಲ್ಲಿದ ಕಾಳು ಗುಡಿಸುವ ಕೆಲಸಕ್ಕೆ ಹೋದ.

ಅವ್ವನಿಗೆ ಯಾರ ಹೊಲದಲ್ಲೂ ಕೂಲಿ ಸಿಗಲಿಲ್ಲ. ಸಾವಕಾರರ ಮಾತು ಹಾಗಿತ್ತು. ಕೊಟ್ಟಿಗೆಗೆ ಬೇರೆಯವಳು ಬಂದಳು. ಅವಳು ಹಿಂದಿನಿಂದ ಹೋಗಿ ಮುರಿದ ರೊಟ್ಟಿ ಇಟ್ಟಳು, ಏಟು ತಿಂದು ಎರಡನೆಯ ದಿನ ಬಿಟ್ಟಳು. ಆರನೆಯ ದಿನ ಗುರಮ್ಮ ಕೇರಿಯ ಅಂಚಿಗೆ ಬಂದು ನಿಂತಳು. ಹದಿನೈದನೆಯ ವಯಸ್ಸಿಗೆ ಆ ಮನೆಗೆ ಬಂದ ಮೇಲೆ ಅವಳು ಒಬ್ಬಳೇ ಹೊರಗೆ ಬಂದದ್ದು ಬಹುಶಃ ಅದೇ ಮೊದಲು.

“ಆರು ದಿನ ಆಯ್ತು ಸಾಲಿ. ಒಂದ್ ತುತ್ತು ಸುದ್ದಾ ಮುಟ್ಟಿಲ್ಲ. ಸಾಯ್ತದ.” ತಾನೇ ತಿದ್ದಿಕೊಂಡಳು. “ಸಾಯ್ತಾನ. ನೀ ಬಾ.”

“ನಾ ಬರಂಗಿಲ್ರಿ ಅವ್ವಾರ. ಅವ್ರನ್ನ ಇಲ್ಲಿ ಕಳಸ್ರಿ. ಸರಪಳಿ ತೆಗೆದು ಕಳಸ್ರಿ.”

“ಸಾವಕಾರ್ರ ತಮ್ಮ ಹೊಲಗೇರ್ಯಾಗ ಅದಾನ ಅಂದ್ರ ಮಂದಿ ಏನಂತಾರ?”

“ಕೊಟಗ್ಯಾಗ ಇದ್ದಾಗ ಏನಂದ್ರು?”

ಗುರಮ್ಮ ತಿರುಗಿ ಮನೆಗೆ ಹೋದಳು. ಮರುದಿನ ಮಧ್ಯಾಹ್ನ ತಾನೇ ಕೈ ಹಿಡಿದು ಕರೆತಂದಳು. ಗಂಡನಿಗೆ ಏನು ಹೇಳಿದಳೋ ಗೊತ್ತಿಲ್ಲ. ಅವಳ ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದವು. ತಮ್ಮನನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಸೇರಿಸಿದ್ದೇನೆ ಎಂದು ಸಾವಕಾರರು ಊರಿಗೆ ಸಾರಿದರು. ಆ ದವಾಖಾನೆ ಅವರ ಮನೆಯಿಂದ ಕೂಗಳತೆಯಲ್ಲಿತ್ತು. ಊರಿಗೆಲ್ಲ ಗೊತ್ತಿತ್ತು. ಕೇಳುವವರು ಕೇಳಿದರು, ತಮ್ಮನವರು ಹ್ಯಾಂಗ ಅದಾರ್ರಿ? ಗುಣ ಆಗ್ಲಿಕ್ಕತ್ಯಾರ, ಎಂದು ಸಾವಕಾರರು ಹೇಳಿದರು. ಅದೊಂದು ಮಾತು ಮಾತ್ರ ಸುಳ್ಳಾಗಿರಲಿಲ್ಲ.

ಕೂಲಿ ಸಿಗದ ಅವ್ವ ರೈಲು ನಿಲ್ದಾಣದಲ್ಲಿ ನೀರು ಹೊರುವ ಕೆಲಸ ಹಿಡಿದಳು. ವೈಜಿನಾಥ ಜೊತೆಗೆ ಹೋಗುತ್ತಿದ್ದ. ಕೇರಿಯಿಂದ ನಿಲ್ದಾಣಕ್ಕೆ ಒಂದು ಇಕ್ಕಟ್ಟಾದ ದಾರಿ, ಎರಡೂ ಕಡೆ ಗಟಾರು. ಅವನು ಅದರ ನಟ್ಟನಡುವೆ ನಡೆಯುತ್ತಿದ್ದ. ಎದುರಿಗೆ ಯಾರಾದರೂ ಬಂದರೆ ಒಂದು ಗೇಣು ದೂರದಲ್ಲಿ ನಿಂತುಬಿಡುತ್ತಿದ್ದ. ಅವರು ಸರಿಯುವವರೆಗೆ ಅಲುಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ರಜೆಗೆ ಊರಿಗೆ ಹೋಗಿದ್ದೆ, ಅವ್ವನ ಹಿಂದೆ ಬರುತ್ತಿದ್ದೆ. ಎದುರಿನಿಂದ ಹಾವಗೆಪ್ಪ ಸಾವಕಾರರು ಬಂದರು. ಜೊತೆಗೆ ರೈಲಿಳಿದ ಇಬ್ಬರು ಅತಿಥಿಗಳು, ಖಾದಿ ತೊಟ್ಟವರು. ವೈಜಿನಾಥ ಸಾವಕಾರರ ಮುಂದೆ ಒಂದು ಗೇಣು ದೂರದಲ್ಲಿ ನಿಂತ. ಅವರ ಟೋಪಿಯ ಮೇಲಿನಿಂದ ಎಲ್ಲೋ ನೋಡುತ್ತ ಗುಂಯ್‌ಗುಟ್ಟಿದ.

“ಇವರ್ಯಾರ್ರಿ?” ಎಂದು ಅತಿಥಿಯೊಬ್ಬರು ಕೇಳಿದರು.

“ಯಾರೋ ಹೊಲಗೇರಿ ಹುಚ್ಚ,” ಎಂದರು ಸಾವಕಾರರು.

ಅವ್ವ ಕೊಡ ಹೊತ್ತು ಹತ್ತು ಹೆಜ್ಜೆ ಹಿಂದೆ ಇದ್ದಳು. ಅವಳಿಗೆ ಕೇಳಿಸಿತು. “ಜರಾ ಸರೀರಿ ಸಾವಕಾರ್ರ,” ಎಂದಳು. “ಅವ್ರು ಸರಿಯಂಗಿಲ್ಲ.”

ಸಾವಕಾರರು ಸುತ್ತ ನೋಡಿದರು. ಅತಿಥಿಗಳು ಆಗಲೇ ಹಿಂದಕ್ಕೆ ಹೆಜ್ಜೆ ಇಟ್ಟಿದ್ದರು. ವೈಜಿನಾಥನ ಮಣಿಕಟ್ಟು ನಿಧಾನವಾಗಿ ಬಾಯಿಯ ಕಡೆ ಏರುತ್ತಿತ್ತು. ಸಾವಕಾರರು ಧೋತರದ ಚುಂಗು ಎತ್ತಿ ಹಿಡಿದು ಗಟಾರಿಗೆ ಒಂದು ಕಾಲು ಇಟ್ಟರು. ಸಾಲಲಿಲ್ಲ. ಇನ್ನೊಂದನ್ನೂ ಇಟ್ಟರು.

ವೈಜಿನಾಥ ನಡೆದ. ನಮ್ಮ ಕೇರಿಯ ಹೆಂಗಸರು ಸಾವಕಾರರು ಎದುರಾದರೆ ಗಟಾರಿಗೆ ಇಳಿದು, ಬೆನ್ನು ತಿರುಗಿಸಿ, ಅವರು ದಾಟುವವರೆಗೆ ನಿಲ್ಲಬೇಕಾಗಿತ್ತು. ನನ್ನ ಕಾಲು ರೂಢಿಯಂತೆ ಆಗಲೇ ಅಂಚಿಗೆ ಹೋಗಿತ್ತು. ಅವ್ವ ತಲೆಯ ಮೇಲಿನ ಕೊಡವನ್ನು ಒಂದು ಕೈಯಿಂದ ಸರಿಮಾಡಿಕೊಂಡಳು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು ದಾರಿಯ ನಡುವಿಗೆ ಎಳೆದಳು.